ರಾಗಿ ಹೂವಾಗುವ ಹೊತ್ತಿಗೆ ಎಚ್ಚರವಿರುವವರು ಯಾರು?

ರಾಗಿ ಹೂವಾಗುವುದು ಸರಿರಾತ್ರಿ ಕಳೆದ ಮೇಲೆ. ಒಂದು ಗಂಟೆಯಿಂದ ಐದು ಗಂಟೆಯೊಳಗೆ, ಊರಿಗೆ ಊರೇ ಮಲಗಿರುವಾಗ, ತೆನೆಯ ಇಲುಕುಗಳಲ್ಲಿ ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಬಿರಿಯುವ ಆ ಹೂವು ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು; ತನ್ನ ಪರಾಗ ತನಗೇ ತಾಗಿ, ಬೆಳಕು ಹರಿಯುವಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ. ಎರಡು ರಾಗಿ ತಳಿಗಳನ್ನು ಕೂಡಿಸಬೇಕೆನ್ನುವ ವಿಜ್ಞಾನಿಗಳು ಹೂಬಿಡುವ ಮೊದಲೇ ಎರಡರ ತೆನೆಗಳನ್ನು ಒಂದಕ್ಕೊಂದು ತಾಗುವಂತೆ ಕಟ್ಟುತ್ತಾರೆ, ಇಲ್ಲವೇ ಒಂದರ ತೆನೆಯನ್ನು ಹದವಾದ ಬಿಸಿನೀರಿನಲ್ಲಿ ಅದ್ದಿ ಅದರ ಪರಾಗದ ಕಸುವು ಕಳೆಯುತ್ತಾರೆ. ಆಮೇಲೆ ಆ ತೆನೆಯ ಕಾಳನ್ನೆಲ್ಲ ಬಿತ್ತಿ, ರಾಶಿ ಹಸಿರು ಪೈರುಗಳ ನಡುವೆ, ಗಂಡು ತಳಿಯಿಂದ ನೇರಳೆ ಛಾಯೆ ಪಡೆದು ಹುಟ್ಟಿದ ಕೆಲವೇ ಪೈರುಗಳಿಗಾಗಿ ಬಗ್ಗಿ ಬಗ್ಗಿ ಹುಡುಕುತ್ತಾರೆ. ಸಿಕ್ಕರೆ ಅದು ಬರೀ ಆರಂಭ. ಅಲ್ಲಿಂದ ಐದಾರು ತಲೆಮಾರು ಬೆಳೆದು ಆರಿಸಬೇಕು, ಕೆಮ್ಮಣ್ಣಿನಲ್ಲೂ ಕಲ್ಲುನೆಲದಲ್ಲೂ ಬೆಳೆಸಿ ನೋಡಬೇಕು, ಮಳೆ ಕೈಕೊಟ್ಟ ವರ್ಷವೂ ನೋಡಬೇಕು, ರೈತರ ಹೊಲಕ್ಕೆ ಕೊಟ್ಟು ಅವರೇನು ಹೇಳುತ್ತಾರೆಂದು ಕೇಳಬೇಕು. ಒಂದು ತಳಿ ಹೊರಬರುವಷ್ಟರಲ್ಲಿ ಹತ್ತು ಹನ್ನೆರಡು ವರ್ಷ ಸರಿದಿರುತ್ತದೆ.

ಇದನ್ನು ನಿಮಗೇ ಹೇಳಬೇಕೆಂದು ಬರೆಯುತ್ತಿದ್ದೇನೆ. ನೀವೆಂದರೆ ಮಾಗಡಿ, ಶಿರಾ, ಹೊಸದುರ್ಗ, ಮಾಲೂರು, ಅರಸೀಕೆರೆ, ಕನಕಪುರದ ಹೊಲದ ಬದುವಿನಿಂದ ಎದ್ದುಬಂದು ಇವತ್ತು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಸಮುದ್ರದಾಚೆಗಿನ ಯಾವುದೋ ನಗರದಲ್ಲೋ ನೆಲೆ ನಿಂತವರು. ಅವ್ವ ಬೀಸಿ ಕಟ್ಟಿಕೊಟ್ಟ ಹಿಟ್ಟಿನ ಗಂಟನ್ನು ಬಸ್ಸಿನ ಸೀಟಿನ ಕೆಳಗಿಟ್ಟುಕೊಂಡು ಕಾಲೇಜಿಗೆ ಬಂದವರು, ಕಣದಲ್ಲಿ ರೋಣಗಲ್ಲಿನ ಹಿಂದೆ ಸುತ್ತಿದವರು, ರಾಗಿ ಮೆದೆಯ ನೆರಳಲ್ಲಿ ಕೂತು ಪರೀಕ್ಷೆಗೆ ಓದಿದವರು. ಮುಂಗಾರು ಹದಿನೈದು ದಿನ ಹಿಂದೆ ಬಿದ್ದರೆ ಮನೆಯಲ್ಲಿ ಮಾತು ಹೇಗೆ ಕಡಿಮೆಯಾಗುತ್ತದೆಂದು ನೀವು ಕಂಡಿದ್ದೀರಿ. ಆ ವರ್ಷ ಫೀಜು ಕಟ್ಟಲು ಯಾವ ಹಸು ಹೋಯಿತೆಂದು ನಿಮಗೆ ಈಗಲೂ ನೆನಪಿದೆ. ಇದೇನೂ ನಿಮಗೆ ಗೊತ್ತಿಲ್ಲದ್ದಲ್ಲ.

ನಿಮ್ಮ ಅಪ್ಪನ ಹೊಲಕ್ಕೆ ಆ ಬೀಜ ಎಲ್ಲಿಂದ ಬಂತೆಂಬ ಕಥೆಯನ್ನು ಮಾತ್ರ ಯಾರೂ ನಿಮಗೆ ಸರಿಯಾಗಿ ಹೇಳಲಿಲ್ಲವೇನೋ. ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದಿಂದ ಬಂದು ಇಲ್ಲಿಯ ಮಣ್ಣಿಗೆ ಒಗ್ಗಿಕೊಂಡ ಬೆಳೆ ರಾಗಿ. ಮೈಸೂರು ಸಂಸ್ಥಾನದ ಕಾಲದಲ್ಲಿಯೇ ಹೆಬ್ಬಾಳದಲ್ಲಿ, ಕೆನಡಾದಿಂದ ಬಂದು ಇಲ್ಲಿ ದುಡಿದ ಲೆಸ್ಲಿ ಕೋಲ್ಮನ್ ಅವರ ದಿನಗಳಲ್ಲಿ, ಅದರ ತಳಿ ಸುಧಾರಣೆ ಶುರುವಾಗಿತ್ತು. ಆಮೇಲೆ ಬಂದವರು ಲಕ್ಷ್ಮಣಯ್ಯ. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಒಬ್ಬ ವಿಜ್ಞಾನಿಯ ಹೆಸರಿನ ಹಿಂದೆ ಬಡವರ ಧಾನ್ಯವೊಂದನ್ನು ಜನರೇ ಪ್ರೀತಿಯಿಂದ ಸೇರಿಸಿದ್ದು ನನಗಂತೂ ಯಾವ ಪ್ರಶಸ್ತಿಗಿಂತಲೂ ದೊಡ್ಡದಾಗಿ ಕಾಣುತ್ತದೆ. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂದು ಒಂದರ ಹಿಂದೊಂದು ತಳಿ ಕೊಟ್ಟರು. ಅಷ್ಟಕ್ಕೆ ಸುಮ್ಮನಾಗದೆ, ನಮ್ಮ ರಾಗಿಯನ್ನು ಅದರ ತವರಾದ ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿದರು. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಿಂದ 1970ರ ದಶಕದಲ್ಲಿ ಹೊರಬಂದ ಆ ತಳಿಗಳೇ ಇಂಡಾಫ್. ಹೆಸರಿನಲ್ಲೇ ಎರಡು ನೆಲಗಳು ಜೊತೆಯಾಗಿವೆ. ಹಿಡಿ ರಾಗಿಗೆ ಕಣ್ಣು ಕಣ್ಣು ಬಿಡುತ್ತಿದ್ದ ಮನೆಗಳಲ್ಲಿ ವಾಡೆ ತುಂಬಿದ್ದು, ಹಗೇವು ತುಂಬಿದ್ದು, ಎರಡು ಹೊತ್ತಿನ ಮುದ್ದೆ ತಪ್ಪದಂತಾದದ್ದು ಈ ಬೀಜಗಳ ಬಲದಿಂದ.

ಬೆಳೆ ಸುಧಾರಣೆ ಎಂಬುದು ಒಮ್ಮೆ ಮಾಡಿ ಕೈತೊಳೆದುಕೊಳ್ಳುವ ಕೆಲಸವೂ ಅಲ್ಲ. ಬೆಂಕಿ ರೋಗ ತಗುಲಿದ ರಾಗಿ ಹೊಲವನ್ನು ಹತ್ತಿರದಿಂದ ನೋಡಿದ್ದೀರಾ? ದೂರಕ್ಕೆ ತೆನೆ ಬಂದಂತೆಯೇ ಇರುತ್ತದೆ. ಹತ್ತಿರ ಹೋಗಿ ತೆನೆಯ ಬುಡ ಹಿಡಿದರೆ ಕುತ್ತಿಗೆ ಎರಡು ಬೆರಳಗಲ ಕಪ್ಪಗಾಗಿ, ಒಳಗೆ ರಸ ಹರಿಯದೆ, ಇಲುಕುಗಳು ಒಣಗಿ ನಿಂತಿರುತ್ತವೆ. ಅಂಗೈಯಲ್ಲಿ ಉಜ್ಜಿದರೆ ಕಾಳಿಲ್ಲ, ಜೊಳ್ಳು ಹಾರಿಹೋಗುತ್ತದೆ. ಬಿತ್ತಿದ್ದಾಗಿದೆ, ಕಳೆ ತೆಗೆದದ್ದಾಗಿದೆ, ಗೊಬ್ಬರದ ಸಾಲವಾಗಿದೆ, ಮಳೆಯೂ ಬಂದುಹೋಗಿದೆ, ಆ ಹೊತ್ತಿನಲ್ಲಿ ಹೀಗಾಗುತ್ತದೆ. ಈ ರೋಗಕ್ಕೆ ಬಗ್ಗದ ಜಿಪಿಯು-28 ಎಂಬ ತಳಿ 1990ರ ದಶಕದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಿಂದ ಬಂತು. ಅದರ ವಂಶದಲ್ಲಿ ಇಂಡಾಫ್ ರಾಗಿಯ ರಕ್ತವಿದೆ. ಒಬ್ಬರು ನೆಟ್ಟದ್ದರ ಮೇಲೆ ಇನ್ನೊಬ್ಬರು ಕಟ್ಟಿದರು, ಎಂ.ಆರ್., ಕೆ.ಎಂ.ಆರ್., ಎಂ.ಎಲ್.-365 ಎಂದು ಸಾಲು ಮುಂದುವರಿಯಿತು. ಆದರೆ ಈ ರೋಗ ತರುವ ಶಿಲೀಂಧ್ರವೂ ಸುಮ್ಮನಿರುವುದಿಲ್ಲ, ಅದೂ ಬದಲಾಗುತ್ತದೆ; ಮಳೆಯ ಕಾಲ ಬದಲಾಗಿದೆ; ನವೆಂಬರಿನಲ್ಲಿ ಕೊಯ್ದು ಹಾಕಿದ ರಾಗಿಯ ಮೇಲೆ ಚಂಡಮಾರುತದ ಮಳೆ ಹೊಯ್ಯುವುದೂ ಉಂಟು. ಇವತ್ತು ಕೂಡಿಸುವ ಕೆಲಸ ನಿಂತರೆ, ಇನ್ನು ಹತ್ತು ಹನ್ನೆರಡು ವರ್ಷಕ್ಕೆ ಆ ಹೊಲಗಳಲ್ಲಿ ಏನು ಬಿತ್ತುತ್ತೇವೆ?

ಈ ಕೆಲಸವನ್ನು ಯಾವ ಬೀಜದ ಕಂಪನಿಯೂ ಬಂದು ಮಾಡುವುದಿಲ್ಲ. ಅವರನ್ನು ದೂರಿ ಹೇಳುವ ಮಾತಲ್ಲ ಇದು. ಮೆಕ್ಕೆಜೋಳದ ಹೈಬ್ರಿಡ್ ಬೀಜವನ್ನು ರೈತ ವರ್ಷ ವರ್ಷವೂ ಕೊಳ್ಳಲೇಬೇಕು. ರಾಗಿಯ ಬೀಜವನ್ನು ಒಮ್ಮೆ ತಂದರೆ, ಒಳ್ಳೆಯ ತೆನೆ ಆರಿಸಿಟ್ಟುಕೊಂಡು, ಬೂದಿ ಬೆರೆಸಿ ಮಡಕೆಯಲ್ಲಿಟ್ಟು, ಮುಂದಿನ ವರ್ಷವೂ ಅದನ್ನೇ ಬಿತ್ತಬಹುದು, ನೆರೆಯವಳಿಗೆ ಸೆರಗಿನಲ್ಲಿ ಕಟ್ಟಿಯೂ ಕೊಡಬಹುದು. ಬಡವರಿಗೆ ವರವಾದ ಗುಣವೇ ವ್ಯಾಪಾರಕ್ಕೆ ನಿರುಪಯೋಗ. ಹಾಗಾಗಿ ರಾಗಿಗೆ, ಸಾವೆಗೆ, ನವಣೆಗೆ, ಹುರುಳಿಗೆ, ಹುಚ್ಚೆಳ್ಳಿಗೆ, ಅವರೆಗೆ ಇರುವುದು ಸಾರ್ವಜನಿಕ ಸಂಶೋಧನೆಯೊಂದೇ, ಅಂದರೆ ನಿಮ್ಮ ತೆರಿಗೆಯ ಹಣ, ನಿಮ್ಮ ವಿಶ್ವವಿದ್ಯಾಲಯ, ನಿಮ್ಮ ಕಾಳಜಿ. ನೀವೂ ಮುಖ ತಿರುಗಿಸಿದರೆ ಅವಕ್ಕೆ ಬೇರೆ ದಿಕ್ಕಿಲ್ಲ. ಇದೂ ನಿಮಗೆ ಗೊತ್ತಿಲ್ಲದ್ದಲ್ಲ.

2023ನೇ ಇಸವಿಯನ್ನು ನೆನಪು ಮಾಡಿಕೊಳ್ಳಿ. ಭಾರತವೇ ಮುಂದೆ ನಿಂತು ಕೇಳಿ, ವಿಶ್ವಸಂಸ್ಥೆ ಅದನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಸಾರಿತ್ತು. ಮೇಳಗಳಾದವು, ರಾಗಿ ಬಿಸ್ಕತ್ತು, ರಾಗಿ ಕೇಕು, ರಾಗಿ ಐಸ್‌ಕ್ರೀಮು ಬಂದವು, ಸಂತೋಷವೇ. ಅದೇ ವರ್ಷ ಮಳೆ ಕೈಕೊಟ್ಟು ಕರ್ನಾಟಕದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಸಿರಿಧಾನ್ಯದ ವರ್ಷದಲ್ಲಿ ಸಿರಿಧಾನ್ಯದ ಹೊಲಗಳು ಒಣಗಿ ನಿಂತವು. ದೇಶದಲ್ಲಿ ರಾಗಿ ಬೆಳೆಯುವ ನೆಲ ಅರವತ್ತು ವರ್ಷಗಳ ಹಿಂದೆ ಇದ್ದದ್ದರಲ್ಲಿ ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ. ಉಳಿದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬೆಳೆಯುವವರು ನಾವೇ, ಕನ್ನಡನಾಡಿನವರು. ಬೆಂಬಲ ಬೆಲೆ ಏರಿದೆ, 2025-26ಕ್ಕೆ ಕ್ವಿಂಟಾಲಿಗೆ 4,886 ರೂಪಾಯಿ ನಿಗದಿಯಾಗಿತ್ತು. ಅದು ಬೇಕಾದದ್ದೇ, ಇನ್ನೂ ಏರಲಿ. ಆದರೆ ಬೆಲೆ ಸಿಗುವುದು ಬೆಳೆದವಳಿಗೆ. ಜೊಳ್ಳು ಕೇರುವವಳಿಗೆ ಯಾವ ಬೆಲೆ?

ಜಿಕೆವಿಕೆಯ ಕೃಷಿ ಮೇಳದಲ್ಲಿ ಒಮ್ಮೆ ರಾಗಿ ತಾಕಿನ ಮುಂದೆ ಒಬ್ಬ ಹೆಂಗಸನ್ನು ಕಂಡೆ. ಜನವೆಲ್ಲ ಡ್ರೋನು, ಟ್ರ್ಯಾಕ್ಟರು, ದೊಡ್ಡ ಟಗರುಗಳ ಕಡೆ ನುಗ್ಗುತ್ತಿದ್ದರೆ ಆಕೆ ಹಗ್ಗದಾಚೆ ಕೈಚಾಚಿ, ಒಂದು ರಾಗಿ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿ, ಬಿಟ್ಟು, ಅದು ನೆಟ್ಟಗೆ ನಿಲ್ಲುತ್ತದೋ ಇಲ್ಲವೋ ನೋಡಿದಳು. ಆಮೇಲೆ ಅಲ್ಲಿ ನಿಂತಿದ್ದ ಹುಡುಗನನ್ನು ಕೇಳಿದಳು: “ಕಾಳೇನೋ ಸರಿ ಕಣಪ್ಪ, ಹುಲ್ಲು ಎಷ್ಟುದ್ದ ಬತ್ತದೆ? ದನ ಮೇಯ್ತಾವಾ ಇದ್ನ? ಬಡುದ್ರೆ ಸಲೀಸಾಗಿ ಉದುರ್ತದಾ?” ಹುಡುಗ ಒಳ್ಳೆಯವನು, ಎಕರೆಗೆ ಎಷ್ಟು ಕ್ವಿಂಟಾಲು ಎಂದು ಹೇಳಿದ, ಆಕೆ ಕೇಳಿದ್ದಕ್ಕೆ ಅವನ ಬಳಿ ಉತ್ತರವಿರಲಿಲ್ಲ. ಅವಳ ಮೂರು ಪ್ರಶ್ನೆಗಳಲ್ಲಿ ಒಂದು ಮನೆಯ ಇಡೀ ಬದುಕಿತ್ತು. ಹುಲ್ಲಿದ್ದರೆ ಹಸು, ಹಸುವಿದ್ದರೆ ಡೇರಿಗೆ ಹಾಲು, ಹಾಲಿದ್ದರೆ ವಾರದ ಕೈಕಾಸು; ಸಲೀಸಾಗಿ ಉದುರಿದರೆ ಅವಳ ರಟ್ಟೆಗೆ ಒಂದು ವಾರದ ಬಿಡುವು. ಬರೀ ಇಳುವರಿಯಿಂದ ಈ ಲೆಕ್ಕ ಕೂಡುವುದಿಲ್ಲ. ಅವಳು ಕೇಳುವುದನ್ನು ಕೇಳಿಸಿಕೊಂಡು ತಳಿ ಆರಿಸುವ ಸಂಶೋಧನೆ ಬೇಕು, ಕಳೆ ತೆಗೆಯುತ್ತ ಸೊಂಟ ಹಿಡಿದುಕೊಂಡವಳಿಗೆ ಒಂದು ಹಗುರವಾದ ಸಲಕರಣೆ ಬೇಕು, ರಾಗಿಯ ನಡುವೆ ಅವರೆ ತೊಗರಿಯ ಅಕ್ಕಡಿ ಸಾಲು ಬಿಟ್ಟು ಬೆಳೆದವರ ಹಳೆಯ ತಿಳಿವಳಿಕೆಯನ್ನು ಗೌರವದಿಂದ ಅಳೆದು ನೋಡುವವರು ಬೇಕು.

ಇವಳು ವಿಧಾನಸೌಧದ ಮುಂದೆ ಬಂದು ಕೂಗುವುದಿಲ್ಲ. 2015-16ರ ಕೃಷಿ ಗಣತಿಯಂತೆ ಈ ದೇಶದ ನೂರು ಹಿಡುವಳಿಗಳಲ್ಲಿ ಎಂಬತ್ತಾರು ಐದು ಎಕರೆಯೊಳಗಿನವು. ಅಷ್ಟು ಜನರಿದ್ದೂ ಅವರಿಗೆ ದನಿಯಿಲ್ಲ. ಅಂಗನವಾಡಿಯಲ್ಲಿ ತಟ್ಟೆ ಹಿಡಿದು ಕೂತ ಮಗುವಿಗೆ ದನಿಯಿಲ್ಲ; ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದಂಶವಿದೆ, ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ ಎಂದು ಆ ಮಗು ಯಾರ ಬಳಿ ವಾದಿಸಬೇಕು? ಬೇಸಿಗೆಯಲ್ಲಿ ಒಣಹುಲ್ಲಿಗೆ ಗೋಣು ಚಾಚುವ ಹಸುವಿಗೆ ದನಿಯಿಲ್ಲ. ಇನ್ನೂ ಹುಟ್ಟದ ತಳಿಗಂತೂ, ಕೂಡಿಸುವ ಕೈಯೇ ಇಲ್ಲದೆ ಹುಟ್ಟದೇ ಹೋಗುವ ತಳಿಗಂತೂ, ಅಳುವುದಕ್ಕೂ ಬಾಯಿಲ್ಲ. ಸಂಶೋಧನಾ ಕೇಂದ್ರದಲ್ಲಿ ಒಂದು ಹುದ್ದೆ ಖಾಲಿ ಬಿದ್ದರೆ ಮರುದಿನ ಯಾರ ಮನೆಯ ದೀಪವೂ ಆರುವುದಿಲ್ಲ, ಯಾವ ಪತ್ರಿಕೆಯಲ್ಲೂ ಸುದ್ದಿಯಾಗುವುದಿಲ್ಲ. ಆರಿದ್ದು ಗೊತ್ತಾಗುವುದು ಹತ್ತು ವರ್ಷ ಕಳೆದ ಮೇಲೆ, ಯಾವುದೋ ಹಳ್ಳಿಯ ಯಾವುದೋ ಹೊಲದಲ್ಲಿ, ಕಪ್ಪಗಾದ ಕುತ್ತಿಗೆಯ ತೆನೆ ಹಿಡಿದು ನಿಂತವಳಿಗೆ. ಕಾರಣ ಯಾರೆಂದು ಅವಳಿಗೆ ತಿಳಿಯುವುದೂ ಇಲ್ಲ. ಮಳೆರಾಯನನ್ನು ಬೈದು, ತನ್ನ ಹಣೆಬರಹವನ್ನು ಬೈದು, ಸುಮ್ಮನಾಗುತ್ತಾಳೆ. ನನ್ನನ್ನು ಎಲ್ಲಕ್ಕಿಂತ ನೋಯಿಸುವುದು ಈ ಸುಮ್ಮನಾಗುವಿಕೆ.

ಹಣವಿಲ್ಲ ಎಂಬ ಮಾತನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ಕೃಷಿ ಸಂಶೋಧನೆಗೆ ಹಾಕಿದ ಪ್ರತಿ ರೂಪಾಯಿಗೆ 13.85 ರೂಪಾಯಿ ಮರಳಿ ಬರುತ್ತದೆಂದು ಕೇಂದ್ರ ಸರ್ಕಾರದ್ದೇ 2023-24ರ ಆರ್ಥಿಕ ಸಮೀಕ್ಷೆ ಬರೆದಿದೆ. ಹಾಗಿದ್ದೂ ಕೃಷಿ ಹುಟ್ಟಿಸುವ ನೂರು ರೂಪಾಯಿಯಲ್ಲಿ ಅದರ ಸಂಶೋಧನೆಗೆ ನಾವು ಕೊಡುತ್ತಿರುವುದು ಹೆಚ್ಚುಕಡಿಮೆ ಐವತ್ತು ಪೈಸೆ. ಆ ಪೈಸೆಗಳಲ್ಲೂ ಮಳೆಯಾಶ್ರಿತ ಬೆಳೆಗಳ ಪಾಲಿಗೆ ಬರುವುದು ಚೂರು. ನೀವು ನಿಷ್ಕರುಣಿಗಳಲ್ಲ, ನನಗೆ ಗೊತ್ತು. ಬರದ ಸುದ್ದಿ ಓದಿ ನಿಮ್ಮ ಕೈ ತುತ್ತಿನ ಮೇಲೆ ಒಂದು ಗಳಿಗೆ ನಿಂತದ್ದುಂಟು, ಪ್ರವಾಹ ಬಂದಾಗ ನೀವು ಅಕ್ಕಿ ಮೂಟೆ ಕಳಿಸಿದ್ದುಂಟು. ಅದೇ ಮನಸ್ಸನ್ನು, ಕಣ್ಣೀರು ಬರಿಸದ, ಫೋಟೊ ತೆಗೆಯಲು ಸಿಗದ ಈ ನಿಧಾನದ ಕೆಲಸದ ಕಡೆಗೂ ಒಮ್ಮೆ ತಿರುಗಿಸಿ ಎಂದಷ್ಟೇ ಬೇಡುತ್ತಿದ್ದೇನೆ.

ಕೃಷಿ ಪದವಿ ಪಡೆದು ಬ್ಯಾಂಕಿನ ಪರೀಕ್ಷೆಗೆ ಓದುತ್ತಿರುವ ತಂಗಿ, ತಮ್ಮ, ನಿಮ್ಮನ್ನು ತಡೆಯುವ ಹಕ್ಕು ನನಗಿಲ್ಲ. ಮನೆಯ ಸಾಲ ನಿಮಗೂ ಇದೆ. ಆದರೆ ನಿಮ್ಮಲ್ಲಿ ಯಾರಿಗಾದರೂ ಆ ನೇರಳೆ ಪೈರು ಹುಡುಕುವ ಆಸೆ ಒಳಗೆಲ್ಲೋ ಇದ್ದರೆ ಅದನ್ನು ಕೊಂದುಕೊಳ್ಳಬೇಡಿ. ಅಧ್ಯಾಪಕರೇ, ರಾಗಿಯ ಮೇಲೆ ಪ್ರಬಂಧ ಬರೆಯುತ್ತೇನೆಂದು ಬಂದ ಹುಡುಗಿಗೆ ಬೇರೆ ದೊಡ್ಡ ಬೆಳೆ ತಗೋಳಮ್ಮ ಎಂದು ಹೇಳಬೇಡಿ. ಊರಲ್ಲಿ ಜಮೀನಿರುವವರೇ, ಗುತ್ತಿಗೆಗೆ ಕೊಟ್ಟ ನಿಮ್ಮ ಎರಡೆಕರೆಯಲ್ಲಿ ಯಾವ ರಾಗಿ ಬಿತ್ತುತ್ತಿದ್ದಾರೆ, ಪ್ರಮಾಣಿತ ಬೀಜ ಹದಕ್ಕೆ ಸರಿಯಾಗಿ ರೈತ ಸಂಪರ್ಕ ಕೇಂದ್ರಕ್ಕೆ ಬಂತೋ ಇಲ್ಲವೋ, ಒಂದು ಫೋನು ಮಾಡಿ ಕೇಳಿ. ರಾಜ್ಯದ ಬಜೆಟ್ಟಿಗೆ ಮುಂಚೆ ನಿಮ್ಮ ಶಾಸಕರಿಗೊಂದು ಕಾಗದ ಬರೆಯಿರಿ, ನಿಮ್ಮ ಊರಿನ ಹೆಸರು ಹಾಕಿ, ನಿಮ್ಮ ಅವ್ವನ ಹೆಸರು ಹಾಕಿ ಬರೆಯಿರಿ: ಕೃಷಿ ವಿಶ್ವವಿದ್ಯಾಲಯಗಳಲ್ಲಿ ಖಾಲಿ ಬಿದ್ದಿರುವ ವಿಜ್ಞಾನಿಗಳ ಹುದ್ದೆಗಳನ್ನು ಯಾವಾಗ ತುಂಬುತ್ತೀರಿ, ರಾಗಿಗೆ, ಸಾವೆಗೆ, ಹುರುಳಿಗೆ ಈ ವರ್ಷ ಎಷ್ಟು ಹಣ ಇಟ್ಟಿದ್ದೀರಿ ಎಂದು ಕೇಳಿ. ಉತ್ತರ ಬರದಿದ್ದರೆ ಇನ್ನೊಂದು ಕಾಗದ ಬರೆಯಿರಿ.