ಮುಖ ನೋಡದ ಗೆಳೆತನ



ಹಿಂದಿನ ಕನ್ನಡ ಪತ್ರಿಕೆಗಳಲ್ಲಿ ‘ಪತ್ರಮಿತ್ರರು’ ಎಂಬ ಪುಟ್ಟ ಅಂಕಣ ಇರುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಹೆಸರು, ವಯಸ್ಸು, ವಿಳಾಸ, ಕೊನೆಗೆ ಹವ್ಯಾಸ: ಅಂಚೆಚೀಟಿ ಸಂಗ್ರಹ, ಚಿತ್ರಗೀತೆ ಕೇಳುವುದು, ಗೆಳೆತನ. ಹದಿನೈದು ಪೈಸೆಯ ಕಾರ್ಡಿನಲ್ಲಿ ಶುರುವಾದ ಪರಿಚಯ ಎಷ್ಟೋ ಮಂದಿಗೆ ವರ್ಷಗಟ್ಟಲೆ ಉಳಿಯಿತು. ಮುಖ ನೋಡಿದವರು ಕಡಿಮೆ. ನೋಡಬೇಕೆಂದು ಹಟ ಹಿಡಿದವರೂ ಕಡಿಮೆ.

ನಮ್ಮ ಸಭೆಯ ಚರಿತ್ರೆಯಲ್ಲೂ ಅಂಥದ್ದೊಂದು ಗೆಳೆತನವಿದೆ. ಲಿಸ್ಯುವಿನ ಸಂತ ತೆರೇಸಾ ಕಾರ್ಮೆಲ್ ಮಠದ ಒಳಗಿದ್ದುಕೊಂಡೇ ಮೋರಿಸ್ ಬೆಲ್ಯೇರ್ ಎಂಬ ಗುರುಮಠದ ವಿದ್ಯಾರ್ಥಿಗೆ 1896-97ರಲ್ಲಿ ಪತ್ರ ಬರೆಯುತ್ತಿದ್ದರು. ಆತನಿಗೆ ತನ್ನ ಮೇಲೆ ತನಗೇ ನಂಬಿಕೆ ಕಡಿಮೆ. ತೆರೇಸಾ ಅಕ್ಕನ ಹಾಗೆ ಧೈರ್ಯ ಹೇಳಿದರು. 1897ರ ಸೆಪ್ಟೆಂಬರ್ 30ರಂದು, ತಮ್ಮ 24ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಇಬ್ಬರೂ ಒಬ್ಬರನ್ನೊಬ್ಬರು ಒಮ್ಮೆಯೂ ನೋಡಲಿಲ್ಲ. ಆದ್ದರಿಂದ ಮುಖ ನೋಡದ ಸ್ನೇಹವೆಲ್ಲ ಪೊಳ್ಳು ಎಂದು ಹಿರಿಯರು ತೀರ್ಪು ಕೊಡುವಾಗ ನನಗೆ ಪೂರ್ತಿ ಒಪ್ಪಲಾಗುವುದಿಲ್ಲ.

ಆದರೆ ಇಂದಿನ ಮಕ್ಕಳಿಗೆ ಬರೆಯುವುದಷ್ಟೇ ಸಾಲದು, ನೋಡಬೇಕು. ರೈಲಿದೆ, ಮೊಬೈಲಿನಲ್ಲಿ ಟಿಕೇಟಿದೆ. ದೂರದ ನಗರಕ್ಕೆ ಒಬ್ಬರೇ ಹೊರಡುತ್ತಾರೆ. ಮನೆಯಲ್ಲಿ ಯುದ್ಧ ಶುರುವಾಗುವುದು ಅಲ್ಲಿಂದ.

ಸೋಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯಲ್ಲಿ ಸಿಗುವ ವಳಸಂಗ ನಿಮಗೆ ಗೊತ್ತಿರುವ ಊರೇ. ದಕ್ಷಿಣ ಸೋಲಾಪುರ ತಾಲೂಕು. ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಮರಾಠಿ. ಅಲ್ಲಿ ನನಗೆ ಪರಿಚಯದ ಒಂದು ಮನೆ. ಮಗಳು ಶಾಲೆ ಕಲಿತದ್ದು ಕನ್ನಡದಲ್ಲಿ, ಪುಣೆಯ ಬಾಲಭಾರತಿಯವರು ಅಚ್ಚು ಹಾಕುವ ಕನ್ನಡ ಪಠ್ಯಪುಸ್ತಕ ಓದಿಕೊಂಡು. ಮುಂದೆ ಕಾಲೇಜಿಗೆ ಹೋದಾಗ ಸುತ್ತಲೂ ಮರಾಠಿ, ಇಂಗ್ಲಿಷು. ತಾನು ಓದಿದ್ದನ್ನೇ ಓದಿದವರು ಪಕ್ಕದ ಬೆಂಚಿನಲ್ಲಿ ಇರಲಿಲ್ಲ.

ಇದ್ದರು, ಆದರೆ ದೂರದಲ್ಲಿ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡ ಮಕ್ಕಳಿಗೆ ಅವಕಾಶವಿದೆ: ಮಹಾರಾಷ್ಟ್ರದ ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಜತ್ತ, ಗಡಹಿಂಗ್ಲಜ ತಾಲೂಕಿನವರಿಗೆ, ಹಾಗೆಯೇ ಕೇರಳದ ಕಾಸರಗೋಡು, ಮಂಜೇಶ್ವರದ ಕಡೆಯವರಿಗೆ. ಯಾವ ದಾಖಲೆ ಬೇಕು, ಯಾವ ಅರ್ಜಿ ತುಂಬಬೇಕು ಎಂದು ವಿಚಾರಿಸಲು ಇಂಥ ಮಕ್ಕಳು ಮೊಬೈಲಿನಲ್ಲಿ ಒಂದು ಗುಂಪು ಕಟ್ಟಿಕೊಂಡಿದ್ದರು. ಸೀಟು ಕೆಲವರಿಗೆ ಸಿಕ್ಕಿತು, ಇವಳಿಗೆ ಸಿಗಲಿಲ್ಲ. ಗುಂಪು ಮಾತ್ರ ಉಳಿಯಿತು. ನಾಲ್ಕು ವರ್ಷ ಪರೀಕ್ಷೆ, ಜ್ವರ, ಅಜ್ಜಿಯ ಸಾವು, ಅಣ್ಣನ ಮದುವೆ, ಎಲ್ಲವನ್ನೂ ಆರು ಮಂದಿ ಅಲ್ಲೇ ಹಂಚಿಕೊಂಡರು.

ಪದವಿ ಮುಗಿದ ಮೇಲೆ ಬೆಂಗಳೂರಿನಿಂದ ಇವಳಿಗೆ ಕೆಲಸದ ಸಂದರ್ಶನಕ್ಕೆ ಕರೆ ಬಂತು. ಒಬ್ಬಳೇ ಹೋಗಬೇಕು. ಅಲ್ಲಿಗೆ ಉಳಿದವರೂ ಬರುವುದಾಗಿ ಹೇಳಿದರು. ತಾಯಿ ನನ್ನ ಮುಂದೆ ಹೇಳಿದ ಮಾತು ಇದು: “ಮಾರಿ ನೋಡಿಲ್ಲ, ಮನಿ ನೋಡಿಲ್ಲ, ಎಲ್ಲಿಂದ ಬಂತ್ರಿ ಈ ದೋಸ್ತಿ? ಹ್ಯಾಂಗ ಕಳಸಬೇಕು?”

ಮಗಳ ಉತ್ತರ ಹರಿತವಾಗಿತ್ತು. “ಅಕ್ಕನ್ನ ಕೊಡೂವಾಗ ಆ ಮನಿಯವ್ರನ್ನ ಎಷ್ಟೊತ್ತು ನೋಡಿದ್ರಿ ನೀವೆಲ್ಲಾ?”

ಒಂದು ತಾಟು ಉಪ್ಪಿಟ್ಟು, ಒಂದು ಕಪ್ಪು ಚಹಾ ಮುಗಿಯುವಷ್ಟು ಹೊತ್ತು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೀಗೇ ನಡೆದಿಲ್ಲ! ಆದರೂ ತಾಯಿಯ ಕಡೆಯಿಂದ ಒಂದು ಮಾತು ಹೇಳಲೇಬೇಕು. ಆ ಉಪ್ಪಿಟ್ಟಿನ ಹಿಂದೆ ತಿಂಗಳುಗಟ್ಟಲೆ ವಿಚಾರಣೆ ನಡೆದಿರುತ್ತದೆ. ಸೋದರಮಾವ ಆ ಊರಿನಲ್ಲಿ ಕೇಳಿರುತ್ತಾನೆ, ಅತ್ತೆಯ ನೆಂಟರು ನೋಡಿರುತ್ತಾರೆ. ಮೊಬೈಲಿನ ಸ್ನೇಹದಲ್ಲಿ ಇಲ್ಲದಿರುವುದು ಅದೊಂದೇ: ನಡುವೆ ನಿಂತು “ನನಗೆ ಗೊತ್ತು, ಒಳ್ಳೆಯವರು” ಎನ್ನುವ ಮೂರನೆಯ ಮನುಷ್ಯ. ತಾಯಿಯ ಹೆದರಿಕೆ ಮಗಳ ಮೇಲಿನ ಸಂಶಯವಲ್ಲ, ಆ ಮೂರನೆಯವರು ಕಾಣದ ಕಸಿವಿಸಿ. ಇದು ಅರ್ಥವಾದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಆ ಮನೆಯಲ್ಲಿ ಮುಗಿದದ್ದು ಹಾಗೆಯೇ. ತಂದೆ ಹೆಚ್ಚು ಮಾತಿನವರಲ್ಲ. “ಅವರವರ ಮನಿಯವ್ರ ಕೂಡ ಒಮ್ಮೆ ಮಾತಾಡಸು” ಎಂದರು. ಒಂದು ಸಂಜೆ ವಿಡಿಯೊ ಕರೆಯಲ್ಲಿ ಜತ್ತದ ಗೆಳತಿಯ ತಾಯಿ, ಮಂಜೇಶ್ವರದ ಹುಡುಗನ ಅಜ್ಜಿ ಬಂದು ಕುಳಿತರು. ಅಜ್ಜಿಯ ಕನ್ನಡ ಇವರಿಗೆ, ಇವರ ಕನ್ನಡ ಅಜ್ಜಿಗೆ ಸರಿಯಾಗಿ ತಿಳಿಯಲಿಲ್ಲವಂತೆ. ಆದರೂ ಹಲಸಿನ ಹಪ್ಪಳದ ಮಾತು, ಶೇಂಗಾ ಚಟ್ನಿಯ ಮಾತು ನಡೆಯಿತು. ತಾಯಿ ಇನ್ನೊಂದು ಷರತ್ತು ಹಾಕಿದರು: ತನ್ನ ನಂಬರು ಆ ಗುಂಪಿನಲ್ಲಿ ಎಲ್ಲರ ಹತ್ತಿರ ಇರಬೇಕು. ಮಗಳು ಮುಖ ಸಣ್ಣದು ಮಾಡಿಕೊಂಡೇ ಬರೆದು ಹಾಕಿದಳು: ‘ಏನರೆ ಆದ್ರ ನಮ್ಮವ್ವನ ನಂಬರ್.’

ಉಳಿಯಲು ಧರ್ಮಭಗಿನಿಯರು ನಡೆಸುವ ಹೆಣ್ಣುಮಕ್ಕಳ ವಸತಿನಿಲಯ ಸಿಕ್ಕಿತು. ನಮ್ಮ ಮನೆಗಳಲ್ಲಿ ಇದು ಎಷ್ಟೋ ಜನರಿಗೆ ನೆನಪೇ ಆಗುವುದಿಲ್ಲ. ದೊಡ್ಡ ನಗರಗಳಲ್ಲೆಲ್ಲ ಇಂಥ ನಿಲಯಗಳಿವೆ, ಮೊದಲೇ ಕೇಳಿಕೊಂಡರೆ ಒಂದೆರಡು ರಾತ್ರಿಗೂ ಜಾಗ ಕೊಡುವವರಿದ್ದಾರೆ. ನಿಮ್ಮ ಧರ್ಮಕೇಂದ್ರದ ಗುರುಗಳಿಂದ ಒಂದು ಪತ್ರ ತೆಗೆದುಕೊಂಡು ಹೋದರೆ ಇನ್ನೂ ಸುಲಭ. ಬೇರೆ ಧರ್ಮದ ಮಕ್ಕಳಿಗೂ ಬಾಗಿಲು ಮುಚ್ಚಿರುವುದಿಲ್ಲ.

ಮಧ್ಯಾಹ್ನದ ಮೇಲೆ ಸೋಲಾಪುರದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಬೆಳಿಗ್ಗೆ ಬೆಂಗಳೂರು. ಸಂದರ್ಶನ ಮುಗಿಸಿ ಗೆಳೆಯರನ್ನು ಕಾಣಲು ಇವಳು ಗೊತ್ತುಮಾಡಿದ ಜಾಗ ಕಬ್ಬನ್ ಪಾರ್ಕು, ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯದ ಮುಂದೆ. ಮೆಟ್ರೊ ಹತ್ತಿರ, ಹಗಲು ಹೊತ್ತು, ಸುತ್ತ ಜನ. ಅಪರಿಚಿತ ಊರಿಗೆ ಹೋಗುವವರು ಜಾಗವನ್ನು ತಾವೇ ಗೊತ್ತುಮಾಡಬೇಕೆನ್ನುವುದು ಒಳ್ಳೆಯ ಪದ್ಧತಿ.

ಇದಕ್ಕೆ ಕಾರಣವಿದೆ. 2024ರಲ್ಲಿ ದೆಹಲಿ, ಮುಂಬೈಗಳಲ್ಲಿ ಪೊಲೀಸರು ಹಿಡಿದ ಮೋಸದ ಜಾಲಗಳನ್ನು ಪತ್ರಿಕೆಯಲ್ಲಿ ಓದಿರಬಹುದು. ಮೊಬೈಲಿನಲ್ಲಿ ಪರಿಚಯವಾದ ಹುಡುಗಿ “ಈ ಕೆಫೆಗೆ ಬಾ” ಎಂದು ತಾನೇ ಜಾಗ ಹೇಳುತ್ತಾಳೆ. ಏನೋ ತರಿಸಿಕೊಂಡು, ಫೋನು ಬಂತೆಂದು ಎದ್ದು ಹೋಗುತ್ತಾಳೆ. ಕೈಗೆ ಬರುವ ಬಿಲ್ಲು ಅರವತ್ತು ಸಾವಿರ, ಲಕ್ಷ. ಕೊಡದಿದ್ದರೆ ಬಾಗಿಲಲ್ಲಿ ದಾಂಡಿಗರು. ಸಿಕ್ಕಿಬಿದ್ದವರೆಲ್ಲ ಗಂಡುಮಕ್ಕಳೇ. ಮಗಳು ಹೊರಟರೆ ನೂರು ಪ್ರಶ್ನೆ ಕೇಳುವ ನಾವು ಮಗ ಬ್ಯಾಗು ಹೆಗಲಿಗೇರಿಸಿದರೆ “ಎಲ್ಲಿಗೆ?” ಎಂದೂ ಕೇಳುವುದಿಲ್ಲ. ಅವನೂ ಹೇಳುವುದಿಲ್ಲ. ದುಡ್ಡು ಹೋದ ಮೇಲೂ ನಾಚಿಕೆಯಿಂದ ಹೇಳುವುದಿಲ್ಲ. ಆನ್‌ಲೈನ್ ಮೋಸದಲ್ಲಿ ಹಣ ಹೋದರೆ 1930ಕ್ಕೆ ಎಷ್ಟು ಬೇಗ ಫೋನು ಮಾಡಿದರೆ ಅಷ್ಟು ಒಳ್ಳೆಯದು. ಪ್ರಾಣಭಯವಿದ್ದರೆ 112, ರೈಲಿನಲ್ಲಿ ತೊಂದರೆಯಾದರೆ 139. ಈ ಮೂರು ನಂಬರು ಮಗನ ಮೊಬೈಲಿನಲ್ಲೂ ಇರಲಿ.

ಪುಣೆಗೆ ಹೋಗುವವರಿಗೆ ಇನ್ನೂ ಸುಲಭದ ದಾರಿಯಿದೆ. ಹುತಾತ್ಮಾ ಎಕ್ಸ್‌ಪ್ರೆಸ್ ಬೆಳಿಗ್ಗೆ ಸೋಲಾಪುರ ಬಿಟ್ಟು, ಸಂಜೆ ಪುಣೆಯಿಂದ ಹೊರಟು, ರಾತ್ರಿ ವಾಪಸು ಬರುತ್ತದೆ. ಮೊದಲ ಭೇಟಿಗೆ ಒಂದು ಹಗಲು ಧಾರಾಳ. ರಾತ್ರಿ ಸ್ಟೇಶನ್ನಿಗೆ ಗಾಡಿ ತೆಗೆದುಕೊಂಡು ಹೋಗುವ ಕಷ್ಟ ತಂದೆಯದು, ಇರಲಿ.

ಬರೆದೇ ಪರಿಚಯವಾದ ಕನ್ನಡಿಗರು ಒಂದೆಡೆ ಸೇರುವುದು ಇಂದು ನಿನ್ನೆಯದಲ್ಲ. 2008ರ ಮಾರ್ಚಿನಲ್ಲಿ ಅಂತರ್ಜಾಲದಲ್ಲಿ ಕನ್ನಡ ಬರೆಯುತ್ತಿದ್ದವರು ಬೆಂಗಳೂರಿನ ಬಸವನಗುಡಿಯಲ್ಲಿ ಒಂದು ಭಾನುವಾರ ಕೂಡಿದ್ದರು. ಸಭಾಂಗಣ, ಹಗಲು ಹೊತ್ತು, ಹತ್ತಾರು ಜನ. ಒಬ್ಬರನ್ನೊಬ್ಬರು ಹೆಸರಿನಿಂದಷ್ಟೇ ಬಲ್ಲವರಿಗೆ ಅದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ.

ಕಬ್ಬನ್ ಪಾರ್ಕಿನಲ್ಲಿ ಏನಾಯಿತೆಂದು ಕೇಳಿದರೆ ಹುಡುಗಿ ಮೊದಲು ನಕ್ಕಳು. ಗುಂಪಿನಲ್ಲಿ ದಿನಕ್ಕೆ ನೂರು ಜೋಕು ಹಾಕುತ್ತಿದ್ದವನು ಎದುರಿಗೆ ತಲೆಯೆತ್ತಿ ಮಾತಾಡಲಿಲ್ಲ. ಅತಿ ಆಪ್ತಳೆಂದುಕೊಂಡಿದ್ದ ಜತ್ತದವಳಿಗೂ ಇವಳಿಗೂ ಅರ್ಧ ಗಂಟೆಯಲ್ಲಿ ಮಾತು ಮುಗಿದುಹೋಯಿತು. ಒಂದಿಷ್ಟು ಬೇಸರವೇ ಆಯಿತಂತೆ. ಮಂಜೇಶ್ವರದ ಹುಡುಗ ಯಾವಾಗಲೂ ಉದ್ದುದ್ದ ಬರೆಯುತ್ತಿದ್ದ, ಒಮ್ಮೆಯೂ ದನಿ ಕಳಿಸಿರಲಿಲ್ಲ. ಅವನಿಗೆ ಉಗ್ಗು. ಅದನ್ನು ಹೇಳಲೆಂದೇ ಅಷ್ಟು ದೂರದಿಂದ ಬಂದಿದ್ದ. ಹೇಳಿ ಮುಗಿಸಲು ಬಹಳ ಹೊತ್ತು ಬೇಕಾಯಿತು. ಯಾರೂ ನಡುವೆ ಬಾಯಿ ಹಾಕಲಿಲ್ಲ. ಇವಳು ಕಟ್ಟಿಕೊಂಡು ಹೋಗಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಅಷ್ಟರಲ್ಲಿ ಖಾಲಿಯಾಗಿತ್ತು.

ಸಂಜೆ ಎಲ್ಲರೂ ಅವರವರ ದಾರಿ ಹಿಡಿದರು. ಆಗ ನಡೆದದ್ದನ್ನು ಹೇಳಲೆಂದೇ ಇಷ್ಟೆಲ್ಲ ಬರೆದೆ. ಆರನೆಯ ಹುಡುಗಿಯೊಬ್ಬಳಿದ್ದಳು, ಊರಿನ ಹೆಸರು ಬೇಡ. ವಿಡಿಯೊ ಕರೆಗೆ ಅವಳ ಮನೆಯವರು ಬಂದಿರಲಿಲ್ಲ, ಏಕೆಂದರೆ ಅವಳು ಮನೆಯಲ್ಲಿ ಹೇಳಿಯೇ ಇರಲಿಲ್ಲ. ಹೇಳಿದರೆ ಕಾಲು ಮುರಿಯುತ್ತಾರೆ ಎಂಬ ಹೆದರಿಕೆ. ಗೆಳತಿಯ ಮದುವೆಯೆಂದು ಸುಳ್ಳು ಹೇಳಿ ಬಂದವಳು ಕೆಂಪೇಗೌಡ ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ರಾತ್ರಿ ಎಂಟು ಗಂಟೆ, ಮೊಬೈಲಿನಲ್ಲಿ ಚಾರ್ಜು ಮುಗಿಯುತ್ತ ಬಂದಿತ್ತು. ಮನೆಗೆ ಫೋನು ಮಾಡುವಂತಿಲ್ಲ. ವಳಸಂಗದ ಗೆಳತಿ ಊಟದ ಮನೆಯಲ್ಲಿ, ಅವಳ ಫೋನು ಕೋಣೆಯಲ್ಲಿ. ಆಗ ನೆನಪಾದದ್ದು ಗುಂಪಿನಲ್ಲಿದ್ದ ಒಬ್ಬ ದೊಡ್ಡವರ ನಂಬರು.

ವಳಸಂಗದಲ್ಲಿ ರೊಟ್ಟಿ ಬಡಿಯುತ್ತಿದ್ದ ತಾಯಿ ಹಿಟ್ಟಿನ ಕೈಯಲ್ಲೇ ಫೋನು ಎತ್ತಿದರು. ಏನೂ ಬೈಯಲಿಲ್ಲ. ವಸತಿನಿಲಯದ ವಿಳಾಸ ಹೇಳಿದರು, ಅಲ್ಲಿಗೆ ತಾವೇ ಫೋನು ಮಾಡಿ ಕೇಳಿಕೊಂಡರು. ಒಂದು ರಾತ್ರಿಗೆ ಜಾಗ ಕೊಡಲು ಭಗಿನಿಯರು ಒಪ್ಪಿದರು, ಆದರೆ ಹುಡುಗಿಯ ಮನೆಯವರಿಗೆ ತಿಳಿಸಲೇಬೇಕು ಎಂದರು. ಹುಡುಗಿ ಅತ್ತಳು, ಬೇಡವೆಂದಳು. ಒಂದು ಗಂಟೆಯ ನಂತರ ನಂಬರು ಕೊಟ್ಟಳು.

ಫೋನು ಮಾಡಿದ್ದು ವಳಸಂಗದ ತಾಯಿಯೇ. “ನಿಮ್ಮ ಮಗಳು ಕ್ಷೇಮ ಅದಾಳ್ರಿ, ಊಟ ಮಾಡ್ಯಾಳ, ನಾಳೆ ಬಸ್ಸಿಗೆ ಬರ್ತಾಳ. ಬೈಬ್ಯಾಡ್ರಿ” ಎಂದರು. ಆ ಕಡೆಯಿಂದ ಬಹಳ ಹೊತ್ತು ದನಿಯೇ ಇಲ್ಲ. ಆಮೇಲೆ, “ನೀವು ಯಾರು? ನನ್ನ ಮಗಳು ನಿಮಗೆ ಹೇಗೆ ಗೊತ್ತು?”

“ನಾನೂ ಆಕೀನ್ನ ನೋಡಿಲ್ರೀ,” ಎಂದರಂತೆ ವಳಸಂಗದ ತಾಯಿ.