ಹುಲ್ಲು ತಿಂದರೆ ಸಾಕೆ, ಮೇಯಬೇಡವೆ?

ಈಗೀಗ ಮುಂಬಯಿಯ ದೊಡ್ಡ ಅಂಗಡಿಗಳಲ್ಲಿ ತುಪ್ಪದ ಬಾಟಲಿ ಮೇಲೂ 'ಗ್ರಾಸ್ ಫೆಡ್' ಅಂತ ಬರೆದಿರುತ್ತದೆ. ನಮ್ಮೂರ ಕಡೆ ಇದನ್ನು ಹೇಳಿದರೆ "ದನ ಹುಲ್ಲು ತಿನ್ನದೆ ಇಡ್ಲಿ ತಿನ್ನುತ್ತದೇನೋ?" ಅಂತ ನಕ್ಕಾರು. ಆದರೆ ಈ ಮಾತು ಹುಟ್ಟಿದ ಕಡೆ ಅದಕ್ಕೊಂದು ಅರ್ಥ ಇತ್ತು.

ಅಮೆರಿಕದಲ್ಲಿ ಮಾಂಸಕ್ಕೆಂದು ಸಾಕುವ ಬಹುಪಾಲು ದನಗಳು ಮೊದಲ ಕೆಲವು ತಿಂಗಳು ಬಯಲಲ್ಲಿ ಮೇಯುತ್ತವೆ. ಕೊನೆಯ ನಾಲ್ಕಾರು ತಿಂಗಳು ಮಾತ್ರ ಸಾವಿರಗಟ್ಟಲೆ ದನಗಳ ಜೊತೆ ದೊಡ್ಡಿಯಲ್ಲಿ ನಿಂತು ಮೆಕ್ಕೆಜೋಳ ತಿಂದು ಕೊಬ್ಬಬೇಕು. ನಾಲ್ಕು ಕೋಣೆಯ ಅವುಗಳ ಹೊಟ್ಟೆ ಹುಲ್ಲಿಗಾಗಿ ಆದದ್ದು. ಕಾಳು ಅತಿಯಾದರೆ ಆಮ್ಲ ಏರಿ ಕಾಯಿಲೆ ಬೀಳುತ್ತವೆ. ಇದು ಬೇಡ, ಕೊನೆಯ ದಿನದವರೆಗೂ ಹುಲ್ಲುಗಾವಲಿನಲ್ಲೇ ಇರಲಿ ಅಂದ ರೈತರ ಮಾತು ಅದು. ಮಾರುಕಟ್ಟೆಗೆ ಬಂದ ಮೇಲೆ ಅರ್ಥ ಸಡಿಲವಾಯಿತು. ಅಲ್ಲಿನ ಕೃಷಿ ಇಲಾಖೆ ಇದಕ್ಕೆಂದು ಮಾಡಿದ್ದ ಮಾನದಂಡವನ್ನು 2016ರಲ್ಲಿ ಹಿಂದಕ್ಕೆ ಪಡೆಯಿತು.

ನಮ್ಮ ಮುಂಬಯಿಗೆ ಬರೋಣ. 2015ರ ಕಾನೂನಿನ ನಂತರ ಮಹಾರಾಷ್ಟ್ರದಲ್ಲಿ ಹಸುವಿನ ಜೊತೆ ಎತ್ತು, ಹೋರಿಗಳ ವಧೆಗೂ ನಿಷೇಧವಿದೆ. ಆದ್ದರಿಂದ ಇಲ್ಲಿ ಬೀಫ್ ಅಂದರೆ ಎಮ್ಮೆ, ಕೋಣದ ಮಾಂಸ. ಈ ಎಮ್ಮೆಗಳನ್ನು ಮಾಂಸಕ್ಕಾಗಿ ಯಾರೂ ಸಾಕುವುದಿಲ್ಲ. ನಮ್ಮ ಹಾಲಿಗಾಗಿ ಸಾಕಿದವು, ಹಾಲು ಬತ್ತಿದ ಮೇಲೆ ದೇವನಾರಿನ ದಾರಿ ಹಿಡಿಯುತ್ತವೆ.

ಗೋರೆಗಾಂವದ ಆರೆ ಕಾಲೊನಿ ನೋಡಿದವರಿಗೆ ಗೊತ್ತು. ಊರೊಳಗಿನ ಗಲೀಜು ತಬೇಲಾಗಳಿಂದ ಎಮ್ಮೆಗಳನ್ನು ಹೊರಗೆ ತರಲು 1949ರಲ್ಲಿ ಶುರುವಾದದ್ದು. ಆ ಕಾಲಕ್ಕೆ ದೊಡ್ಡ ಸುಧಾರಣೆ, ಒಪ್ಪೋಣ. ಸುತ್ತ ಮೂರು ಸಾವಿರ ಎಕರೆಯಷ್ಟು ಹಸಿರು. ಅದರ ನಡುವೆ ಸಾಲಾಗಿ ಕಟ್ಟಿದ ಎಮ್ಮೆಗಳು. ಕೊಯ್ದ ಹುಲ್ಲು ಎಮ್ಮೆಯ ಹತ್ತಿರ ಬರುತ್ತದೆ, ಎಮ್ಮೆ ಹುಲ್ಲಿನ ಹತ್ತಿರ ಹೋಗುವುದಿಲ್ಲ! ಬೆವರು ಕಡಿಮೆ ಇರುವ ಪ್ರಾಣಿ, ಕೆಸರು ನೀರಲ್ಲಿ ಬಿದ್ದುಕೊಂಡೇ ತಂಪಾಗಬೇಕು. ಕಾಂಕ್ರೀಟಿನ ಮೇಲೆ ಕಟ್ಟಿದ ಎಮ್ಮೆಗೆ ಅದೆಲ್ಲಿ? ಗಂಡು ಕರುವಿನ ಕಥೆ ಇನ್ನೂ ಕೆಟ್ಟದ್ದು. ಅದು ಕುಡಿಯುವ ಹಾಲಿಗೆ ಬೆಲೆ ಇದೆ, ಅದಕ್ಕೆ ಇಲ್ಲ. ಹೀಗೆ ಬದುಕಿದ ಎಮ್ಮೆಯ ತುಪ್ಪಕ್ಕೂ ಬೇಕೆಂದರೆ ಆ ಚೀಟಿ ಅಂಟಿಸಬಹುದಲ್ಲ...

ನಾನು ಮಾಂಸ ತಿನ್ನುವವನಲ್ಲ. ಆದರೆ ಬೆಳಗಿನ ಕಾಫಿಗೆ ಗಟ್ಟಿ ಹಾಲು ಬೇಕು. ಹಾಗಾಗಿ "ನಾವು ಶಾಖಾಹಾರಿಗಳು, ಕಟುಕನ ಲೆಕ್ಕ ನಮಗೇಕೆ" ಅನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಹಾಲು ಕುಡಿಯುವವರೂ ಮಾಂಸ ತಿನ್ನುವವರೂ ಒಂದೇ ಹಗ್ಗದ ಎರಡು ತುದಿ ಹಿಡಿದಿದ್ದೇವೆ, ನಡುವೆ ಎಮ್ಮೆ ನಿಂತಿದೆ.

ನನ್ನ ಪ್ರಕಾರ ದಯೆಯ ಪರೀಕ್ಷೆ ಕೊನೆಯ ದಿನಕ್ಕೆ ಮಾತ್ರ ಅಲ್ಲ. ಆ ದಿನಕ್ಕೆ ಕಾನೂನೇನೋ ಇದೆ. ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕೊಲ್ಲಬಾರದು ಅಂತ 2001ರ ಕಸಾಯಿಖಾನೆ ನಿಯಮ ಹೇಳುತ್ತದೆ, ಪಾಲಿಸುವುದು ಬೇರೆ ಮಾತು. ಅದಕ್ಕೂ ಮುಂಚಿನ ಸಾವಿರಾರು ದಿನಗಳಲ್ಲಿ ಅದು ನಡೆದಾಡಿತೆ? ತನಗೆ ಬೇಕಾದ ಕಡೆ ಮಲಗಿತೆ? ಕರುವನ್ನು ನೆಕ್ಕಿತೆ? ಇದನ್ನು ಯಾರೂ ಕೇಳುವುದಿಲ್ಲ.

ಬಯಲಲ್ಲಿ ಸಾಕುವುದು ಅಗ್ಗವಲ್ಲ, ನಿಜ. ಹುಲ್ಲಿನ ಮೇಲೆ ಪ್ರಾಣಿ ನಿಧಾನ ಬೆಳೆಯುತ್ತದೆ, ಮಾಂಸಕ್ಕಾದರೆ ಹೆಚ್ಚು ದಿನ ಸಾಕಬೇಕು, ಅಷ್ಟೂ ದಿನ ಮೀಥೇನ್ ಬಿಡುತ್ತದೆ, ಹೆಚ್ಚು ಜಾಗ ಕೇಳುತ್ತದೆ. ಅಂದರೆ ಹಾಲಾಗಲಿ ಮಾಂಸವಾಗಲಿ, ನಾವು ಕಡಿಮೆ ತಿನ್ನಬೇಕು, ಹೆಚ್ಚು ಬೆಲೆ ಕೊಡಬೇಕು. ಬೇರೆ ಸುಲಭದ ದಾರಿ ನನಗಂತೂ ಕಾಣುತ್ತಿಲ್ಲ.

ಜಾಗ ಎಲ್ಲಿದೆ ಅಂತೀರಾ? ಮುಂಬಯಿಯಲ್ಲಿ ಇಲ್ಲ. ಊರಲ್ಲಿ ಇತ್ತು. ಅದಕ್ಕೆ ಗೋಮಾಳ ಅಂತ ಚೆಂದದ ಹೆಸರೂ ಇತ್ತು. ನೂರು ದನಕ್ಕೆ 30 ಎಕರೆ ಬಿಡಬೇಕೆಂದು ಕರ್ನಾಟಕದ ಭೂಕಂದಾಯ ನಿಯಮವೇ ಹೇಳುತ್ತದೆ. ಎಷ್ಟೋ ಊರುಗಳಲ್ಲಿ ಅದು ಒತ್ತುವರಿಯಾಗಿ, ಸೈಟಾಗಿ, ಯಾವುದೋ ಯೋಜನೆಯಾಗಿ ಕರಗಿದೆ. ಗೋವಿನ ಬಗ್ಗೆ ಟೀವಿಯಲ್ಲಿ ಕೂಗಾಡುವ ಎರಡೂ ಕಡೆಯವರು ಗೋಮಾಳದ ಬಗ್ಗೆ ಕೂಗಿದ್ದು ನಾನು ಕೇಳಿಲ್ಲ.

ಮುಂದಿನ ಸಲ ಜಾತ್ರೆಗೋ ಮದುವೆಗೋ ಊರಿಗೆ ಹೋದಾಗ ನಿಮ್ಮ ಪಂಚಾಯತಿಯಲ್ಲಿ ಒಂದು ಮಾತು ಕೇಳಿ: ನಮ್ಮೂರ ಗೋಮಾಳ ಈಗ ಎಷ್ಟು ಎಕರೆ ಉಳಿದಿದೆ? ದೂರ ಇರುವ ನಮಗೆ ಯಾರ ಹಂಗೂ ಇಲ್ಲ, ಕೇಳುವುದು ಸುಲಭ. ಸಿಕ್ಕ ಉತ್ತರವನ್ನು ಇಲ್ಲಿ ಬರೆಯುತ್ತೀರಲ್ಲ?