ಮುದ್ರಿಸುವ ಮುನ್ನ ಕಸದ ಲೆಕ್ಕವೂ ಇರಲಿ

ಬ್ಯಾಟರಿ ಎಂದರೆ ನಮಗೆ ನೆನಪಾಗುವುದು ಗೋಡೆ ಗಡಿಯಾರದ ಸೆಲ್, ಇಲ್ಲವೇ ಮೊಬೈಲ್‌ನೊಳಗಿನ ಚಪ್ಪಟೆ ಬ್ಯಾಟರಿ. ಆದರೆ ಮದುವೆ ಕರೆಯೋಲೆ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ವಿಧಾನದಲ್ಲೇ ಈಗ ಬ್ಯಾಟರಿಯನ್ನೂ ಮುದ್ರಿಸಬಹುದು. ಸತುವಿನ ಪುಡಿ ಬೆರೆಸಿದ ಶಾಯಿಯ ಒಂದು ಪದರ, ಮ್ಯಾಂಗನೀಸ್ ಡೈಆಕ್ಸೈಡ್ ಶಾಯಿಯ ಇನ್ನೊಂದು ಪದರ, ನಡುವೆ ಎಲೆಕ್ಟ್ರೋಲೈಟ್. ಒಳಗಿನ ರಸಾಯನಶಾಸ್ತ್ರ ಹಳೆಯ ಟಾರ್ಚ್ ಸೆಲ್‌ನದ್ದೇ, ವೋಲ್ಟೇಜ್ ಕೂಡ ಅದೇ 1.5. ಹೊಸದೆಂದರೆ ರೂಪ: 1 ಮಿಲಿಮೀಟರ್‌ಗಿಂತ ತೆಳು, ಬಾಗಿಸಿದರೆ ಬಾಗುತ್ತದೆ.

ಇದರಿಂದ ಮೊಬೈಲ್ ನಡೆಯುತ್ತದೆಯೇ ಎಂದು ಗೆಳೆಯರು ಕೇಳುತ್ತಾರೆ. ಇಲ್ಲ. ತೆಳುವಾದಷ್ಟೂ ತುಂಬಿಡಬಹುದಾದ ಶಕ್ತಿ ಕಡಿಮೆ. ಇದರ ಜಾಗವೇ ಬೇರೆ. ಹೆಚ್ಚಿನ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಾಡಬೇಕು. ದಾರಿಯುದ್ದಕ್ಕೂ ಆ ತಾಪಮಾನ ದಾಖಲಿಸುವ ಲೇಬಲ್‌ಗೆ, ಮೈಗೆ ಅಂಟಿಸಿ ಜ್ವರ ಅಳೆಯುವ ಪಟ್ಟಿಗೆ ಇಷ್ಟು ಶಕ್ತಿ ಸಾಕು.

ನನ್ನ ತಕರಾರು ಇರುವುದು ಇಲ್ಲೇ. ಇವುಗಳಲ್ಲಿ ಹೆಚ್ಚಿನವು ಮತ್ತೆ ಚಾರ್ಜ್ ಆಗುವುದಿಲ್ಲ. ಒಮ್ಮೆ ಬಳಸಿ ಬಿಸಾಡುವಂಥವು. ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ನಮ್ಮ ದೇಶದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಒಳ್ಳೆಯದೇ. ಆದರೆ ರಟ್ಟಿನ ಪೆಟ್ಟಿಗೆಗೆ ಅಂಟಿದ, ಕಾಗದದಷ್ಟು ತೆಳುವಾದ ಬ್ಯಾಟರಿಯನ್ನು ಕಸದ ರಾಶಿಯಲ್ಲಿ ಗುರುತಿಸುವವರು ಯಾರು? ಶಾಂಪೂ ಸ್ಯಾಷೆಯನ್ನೇ ನೋಡಿ. ಚಿಕ್ಕದು, ಅಗ್ಗದ್ದು, ಗುಜರಿಯಲ್ಲಿ ಬೆಲೆ ಇಲ್ಲ. ಹಾಗಾಗಿ ಚರಂಡಿಯಲ್ಲೇ ಉಳಿಯುತ್ತದೆ. ಮುದ್ರಿತ ಬ್ಯಾಟರಿಗೂ ಅದೇ ಗತಿ ಬರಬಾರದು.

ದಾರಿ ಇಲ್ಲವೆಂದಲ್ಲ. ಸ್ವಿಟ್ಜರ್ಲೆಂಡ್‌ನ ಎಂಪಾ ಸಂಸ್ಥೆಯ ಸಂಶೋಧಕರು 2022ರಲ್ಲಿ ಉಪ್ಪು ಹೀರಿಸಿದ ಕಾಗದದ ಮೇಲೆ ಸತು ಮತ್ತು ಗ್ರಾಫೈಟ್ ಶಾಯಿಗಳಿಂದ ಬ್ಯಾಟರಿ ಮುದ್ರಿಸಿದರು. ಎರಡು ಹನಿ ನೀರು ಹಾಕಿದರೆ 20 ಸೆಕೆಂಡಿನೊಳಗೆ ಅದು ಚಾಲೂ ಆಗಿ 1.2 ವೋಲ್ಟ್ ಕೊಡುತ್ತದೆ. ಅಂಥ ಬ್ಯಾಟರಿಯಿಂದ ಚಿಕ್ಕ ಅಲಾರಾಂ ಗಡಿಯಾರ ನಡೆಸಿ ತೋರಿಸಿದರು. ಕಾಗದ ಒಣಗಿದರೆ ಶಕ್ತಿ ಕುಂದುತ್ತದೆ, ನಿಜ. ಆದರೂ ಬಿಸಾಡಿದ ಮೇಲೆ ಪರಿಸರಕ್ಕೆ ಹೊರೆಯಾಗಬಾರದು ಎಂಬ ಯೋಚನೆ ಅವರ ವಿನ್ಯಾಸದಲ್ಲೇ ಇತ್ತು.

ನಮ್ಮ ಪ್ರಾಜೆಕ್ಟ್ ವೈವಾಗಳಲ್ಲಿ ಎಷ್ಟು ವೋಲ್ಟ್, ಎಷ್ಟು ಖರ್ಚು ಎಂದು ಕೇಳುತ್ತಾರೆ. ಕೆಲಸ ಮುಗಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ ಎಂದೂ ಕೇಳಲಿ. ಉತ್ತರ ಗೊತ್ತಿಲ್ಲದಿದ್ದರೆ ಅಂಕ ಕಳೆಯಲಿ.